ಅಪ್ಪ ಅಮ್ಮನ ಸಕ್ಕರೆ ಕಾಯಿಲೆ ಮಕ್ಕಳಿಗೆ ಎಷ್ಟು ಬರುತ್ತದೆ, ಹೇಗೆ ಬರುತ್ತದೆ

ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ.

ಸಕ್ಕರೆ ಕಾಯಿಲೆಯ ವಿಷಯ ಬಂದಾಗ ಜನರ ಬಾಯಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು: "ನಮ್ಮಪ್ಪನಿಗೂ ಇತ್ತು, ಅಜ್ಜಿಗೂ ಇತ್ತು, ನನಗೆ ಹೇಗಿದ್ದರೂ ಬರುತ್ತೆ ಬಿಡಿ." ಇನ್ನೊಂದು: "ನಮ್ಮ ವಂಶದಲ್ಲೇ ಯಾರಿಗೂ ಶುಗರ್ ಇಲ್ಲ, ನಾನೋ ಸಣಕಲು, ನನಗ್ಯಾಕೆ ಟೆಸ್ಟು?" ಮೊದಲನೆಯವರು ತಡೆಯಬಹುದಾದದ್ದನ್ನು ತಡೆಯುವುದಿಲ್ಲ. ಎರಡನೆಯವರು ಕಣ್ಣು ಮಂಜಾದ ಮೇಲೋ ಕಾಲಿನ ಗಾಯ ಮಾಯದೆ ಹೋದ ಮೇಲೋ ಆಸ್ಪತ್ರೆಗೆ ಬರುತ್ತಾರೆ. ಇವತ್ತಿನ ಮಾತು ಈ ಇಬ್ಬರಿಗೂ ಸೇರಿದ್ದು. ನಾನು ಹೇಳುತ್ತಿರುವುದು ದೊಡ್ಡವರಲ್ಲಿ ಕಾಣಿಸಿಕೊಳ್ಳುವ ಟೈಪ್ 2 ಮಧುಮೇಹದ ಬಗ್ಗೆ. ಮಕ್ಕಳಲ್ಲಿ ದಿಢೀರನೆ ಬಂದು ಮೊದಲ ದಿನದಿಂದಲೇ ಇನ್ಸುಲಿನ್ ಬೇಡುವ ಟೈಪ್ 1ರ ಕಾರಣಗಳೇ ಬೇರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 20 ವರ್ಷ ದಾಟಿದವರಲ್ಲಿ ಶೇ 11.4 ಮಂದಿಗೆ, ಅಂದರೆ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ವ್ಯಾಪಕವಾದ ಮೇಲೆ, ಹತ್ತಿರದ ಬಳಗದಲ್ಲಿ ಒಬ್ಬರಿಗಾದರೂ ಶುಗರ್ ಇಲ್ಲದ ಕುಟುಂಬ ಸಿಗುವುದೇ ಕಷ್ಟ. ಹಾಗಾಗಿ 'ವಂಶದಲ್ಲಿ ಇದೆಯೇ' ಎಂದಷ್ಟೇ ಕೇಳಿದರೆ ಸಾಲದು. ಯಾರಿಗೆ, ಎಷ್ಟನೇ ವಯಸ್ಸಿಗೆ, ಎಂಥ ಮೈಕಟ್ಟಿದ್ದಾಗ ಬಂತು ಎಂದು ಕೇಳಬೇಕು.

ಮನೆತನದ ಲೆಕ್ಕ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ತಲೆಮಾರುಗಳಿಂದ ನಡೆಯುತ್ತಿರುವ ಅಧ್ಯಯನ ಇದಕ್ಕೆ ಒಳ್ಳೆಯ ಅಳತೆ ಕೊಟ್ಟಿದೆ. ತಂದೆ ತಾಯಿ ಇಬ್ಬರಿಗೂ ಕಾಯಿಲೆ ಇಲ್ಲದವರಿಗೆ ಹೋಲಿಸಿದರೆ, ಒಬ್ಬರಿಗೆ ಇದ್ದಾಗ ಮಕ್ಕಳಿಗೆ ಬರುವ ಸಂಭವ ಸುಮಾರು ಮೂರೂವರೆ ಪಟ್ಟು. ಇಬ್ಬರಿಗೂ ಇದ್ದಾಗ ಸುಮಾರು ಆರು ಪಟ್ಟು. ಅಪ್ಪನಿಂದಲೋ ಅಮ್ಮನಿಂದಲೋ ಎಂಬ ವ್ಯತ್ಯಾಸ ಅಲ್ಲಿ ಹೆಚ್ಚೇನೂ ಕಾಣಲಿಲ್ಲ. ಜೀವಮಾನದ ಲೆಕ್ಕದಲ್ಲಿ ಹೇಳುವುದಾದರೆ ಒಬ್ಬರಿಗೆ ಇದ್ದರೆ ನೂರಕ್ಕೆ 40, ಇಬ್ಬರಿಗೂ ಇದ್ದರೆ ನೂರಕ್ಕೆ 70ರ ಆಸುಪಾಸು ಎಂದು ಪಠ್ಯಗಳು ಹೇಳುತ್ತವೆ. ಎರಡನೆಯ ಗುಂಪಿನಲ್ಲೂ ನೂರಕ್ಕೆ 30 ಮಂದಿ ತಪ್ಪಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ.

ಆದರೆ ಈ ಮೂರೂವರೆ ಪಟ್ಟನ್ನು ಪೂರ್ತಿ ಜೀನ್‌ಗಳ ತಲೆಗೆ ಕಟ್ಟುವ ಹಾಗಿಲ್ಲ. ಅಪ್ಪ ಅಮ್ಮನಿಂದ ನಮಗೆ ಬರುವುದು ವಂಶವಾಹಿಗಳು ಮಾತ್ರವಲ್ಲ. ತಟ್ಟೆಗೆ ಎಷ್ಟು ಅನ್ನ ಬಡಿಸಿಕೊಳ್ಳುತ್ತೇವೆ, ಊಟವಾದ ಮೇಲೆ ಒರಗುತ್ತೇವೋ ಓಡಾಡುತ್ತೇವೋ ಎಂಬುದೂ ಅದೇ ಮನೆಯಿಂದ ಬರುತ್ತದೆ. ಎರಡನ್ನೂ ಬಿಡಿಸಿ ನೋಡಲು ಅವಳಿಗಳ ಅಧ್ಯಯನ ನೆರವಾಯಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಟೈಪ್ 2 ಬಂದರೆ ಇನ್ನೊಬ್ಬರಿಗೂ ಬರುವುದು ಸುಮಾರು ನೂರಕ್ಕೆ 70. ಎರಡು ಅಂಡಗಳಿಂದ ಹುಟ್ಟಿದವರಲ್ಲಿ 20ರಿಂದ 30. ಎರಡೂ ಬಗೆಯ ಅವಳಿಗಳು ಬೆಳೆದದ್ದು ಒಂದೇ ಮನೆಯಲ್ಲಿ. ಈ ಅಂತರದಲ್ಲಿ ಕಾಣುವುದು ಜೀನ್‌ಗಳ ಪಾಲು.

ಒಂದೇ ಜೀನ್ ಇಲ್ಲ, ನೂರಾರು ಇವೆ

ವಿಜ್ಞಾನಿಗಳು ಮೊದಲು 'ಮಧುಮೇಹದ ಜೀನ್' ಹುಡುಕುತ್ತ ಹೊರಟರು. 2000ದಲ್ಲಿ ಪಿಪಿಎಆರ್‌ಜಿ, ಆಮೇಲೆ ಕೆಸಿಎನ್‌ಜೆ11 ಎಂಬ ಜೀನ್‌ಗಳಲ್ಲಿ ಸಣ್ಣ ವ್ಯತ್ಯಾಸಗಳು ಸಿಕ್ಕವು. ದೊಡ್ಡ ಬೇಟೆ ಸಿಕ್ಕಿದ್ದು 2006ರಲ್ಲಿ. ಐಸ್‌ಲ್ಯಾಂಡಿನ ಡಿಕೋಡ್ ಸಂಸ್ಥೆಯವರು ಹತ್ತನೇ ವರ್ಣತಂತುವಿನ ಮೇಲಿರುವ ಟಿಸಿಎಫ್7ಎಲ್2 ಜೀನನ್ನು ಗುರುತಿಸಿದರು. ಸಾಮಾನ್ಯ ಟೈಪ್ 2 ಮಧುಮೇಹಕ್ಕೆ ಸಂಬಂಧಪಟ್ಟ, ಜಗತ್ತಿನ ಬೇರೆ ಬೇರೆ ಜನಾಂಗಗಳಲ್ಲಿ ವ್ಯಾಪಕವಾಗಿ ಕಾಣುವ ವ್ಯತ್ಯಾಸಗಳಲ್ಲಿ ಬಲವಾದದ್ದು ಇದೇ. ಮರುವರ್ಷ ಪುಣೆಯ ರೋಗಿಗಳಲ್ಲೂ ಅದೇ ಸಂಬಂಧ ಕಂಡುಬಂದಿತು.

ಈ ಒಂದು ಜೀನನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇದು ಅರ್ಥವಾದರೆ ಉಳಿದವನ್ನು ಊಹಿಸುವುದು ಸುಲಭ. ಜೀನಿನ ನಡುವೆ, ಪ್ರೋಟೀನಿನ ಬರವಣಿಗೆ ಇಲ್ಲದ ಜಾಗದಲ್ಲಿ, ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಸಿ ಇರುವಲ್ಲಿ ಟಿ. ಪ್ರೋಟೀನು ಕೆಡುವುದಿಲ್ಲ, ಜೀನ್ ಯಾವಾಗ ಎಷ್ಟು ದುಡಿಯಬೇಕೆಂಬ ಹತೋಟಿ ಮಾತ್ರ ತುಸು ಬದಲಾಗುತ್ತದೆ. ನಾವು ಉಂಡ ಮೇಲೆ ಕರುಳಿನಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಟು, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಿಗೆ ಇನ್ಸುಲಿನ್ ಬಿಡಲು ಹೇಳುತ್ತದೆ. ಟಿ ಅಕ್ಷರ ಇರುವವರಲ್ಲಿ ಆ ಕೋಶಗಳು ಈ ಕರೆಗೆ ಮಂದವಾಗಿ ಓಗೊಡುತ್ತವೆ.

ಇಷ್ಟಾಗಿ ಅದರ ತೂಕ ಎಷ್ಟು? ಪ್ರತಿಯೊಂದು ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಟಿ ಇರುವ ಒಂದು ಪ್ರತಿ ಇದ್ದರೆ ಸಂಭವ ಸುಮಾರು 1.4 ಪಟ್ಟು. ಯಾವುದೋ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಕಾಯಿಲೆ ಬರುವುದಿದ್ದರೆ, ಈ ಪ್ರತಿ ಇರುವವರಲ್ಲಿ ಅದು 16 ಆಗುತ್ತದೆ. ನಮ್ಮ ಜನರಲ್ಲಿ ಆ ಜಾಗದಲ್ಲಿ ಟಿ ಅಕ್ಷರ ಇರುವ ಪ್ರಮಾಣ ನೂರಕ್ಕೆ ಸುಮಾರು 30. ಆ ಲೆಕ್ಕದಲ್ಲಿ ಈ ಸಭೆಯಲ್ಲಿ ಕುಳಿತ ಅರ್ಧದಷ್ಟು ಜನರ ಮೈಯಲ್ಲಿ ಕನಿಷ್ಠ ಒಂದು ಪ್ರತಿ ಇದೆ, ನೂರರಲ್ಲಿ ಒಂಬತ್ತು ಮಂದಿಗೆ ಎರಡೂ ಇವೆ. ಅವರಲ್ಲಿ ಬಹಳ ಮಂದಿಗೆ ಎಂದಿಗೂ ಮಧುಮೇಹ ಬರುವುದಿಲ್ಲ.

2007ರಿಂದ ಇಡೀ ಜೀನೋಮನ್ನು, ಅಂದರೆ ನಮ್ಮ ವಂಶವಾಹಿಗಳ ಪೂರ್ತಿ ಬರವಣಿಗೆಯನ್ನು, ಜಾಲಾಡುವ ಅಧ್ಯಯನಗಳು ಬಂದವು, ಪಟ್ಟಿ ಬೆಳೆಯುತ್ತ ಹೋಯಿತು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 25 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿತ್ತು. ಅದರಲ್ಲಿ 611 ಜಾಗಗಳಲ್ಲಿ 1,289 ಬಿಡಿ ಸುಳಿವುಗಳು ಸಿಕ್ಕವು. ಬಹುಪಾಲು ವ್ಯತ್ಯಾಸಗಳು ಒಂದೊಂದಾಗಿ ಅಪಾಯವನ್ನು ನೂರಕ್ಕೆ ಐದೋ ಹತ್ತೋ ಪಾಲು ಏರಿಸುವಂಥವು. ತಕ್ಕಡಿಗೆ ಒಂದೊಂದೇ ಕಾಳು ಬಿದ್ದ ಹಾಗೆ. ಯಾವ ಒಂದು ಕಾಳಿನಿಂದಲೂ ತಕ್ಕಡಿ ವಾಲುವುದಿಲ್ಲ.

ಇದಕ್ಕೆ ದೊಡ್ಡ ಅಪವಾದ ಗ್ರೀನ್‌ಲ್ಯಾಂಡಿನಲ್ಲಿದೆ. ಅಲ್ಲಿನ ಇನ್ಯೂಟ್ ಜನರಲ್ಲಿ ಟಿಬಿಸಿ1ಡಿ4 ಎಂಬ ಜೀನಿನ ಮುರಿದ ಪ್ರತಿ ಸಾಕಷ್ಟು ಸಾಮಾನ್ಯ. ಎರಡೂ ಪ್ರತಿ ಮುರಿದವರಿಗೆ ಅಪಾಯ ಸುಮಾರು ಹತ್ತು ಪಟ್ಟು ಎಂದು 2014ರಲ್ಲಿ ಗೊತ್ತಾಯಿತು. ಅವರ ಮಾಂಸಖಂಡಗಳು ಇನ್ಸುಲಿನ್ ಹೇಳಿದ ಹಾಗೆ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಸರಿಯಾಗಿಯೇ ಇರುತ್ತದೆ, ಗ್ಲೂಕೋಸ್ ಕುಡಿದು ಎರಡು ಗಂಟೆಯಾದ ಮೇಲೆ ಏರಿರುತ್ತದೆ. ಬರೀ ಫಾಸ್ಟಿಂಗ್ ಶುಗರ್ ನೋಡಿದವರ ಕಣ್ಣಿಗೆ ಈ ಜನ ಬೀಳುವುದೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮಲ್ಲೂ ಅದರ ಅಗತ್ಯ ಬೀಳುತ್ತದೆ.

ಸಣಕಲು ಮೈಯವರಿಗೂ ಯಾಕೆ

ಸಿಕ್ಕ ಜೀನ್‌ಗಳು ಎಲ್ಲಿ ಕೆಲಸ ಮಾಡುತ್ತವೆ ಎಂದು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಕೆಲವು ತೂಕದ ಮೂಲಕ ಬರುತ್ತವೆ. ಎಫ್‌ಟಿಒ ಜೀನಿನ ಎರಡೂ ಅಪಾಯದ ಪ್ರತಿ ಇರುವ ಯುರೋಪಿನವರು ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಾರೆ, ಆ ತೂಕ ಕಾಯಿಲೆಯನ್ನು ಕರೆತರುತ್ತದೆ. ಕೆಲವು ಯಕೃತ್ತಿನ ಕೊಬ್ಬಿನ ಮೂಲಕ ಬರುತ್ತವೆ. ಆದರೆ ಮೊದಲು ಪತ್ತೆಯಾದ ಬಲವಾದ ಜೀನ್‌ಗಳಲ್ಲಿ ಹೆಚ್ಚಿನವು ಬೀಟಾ ಕೋಶಕ್ಕೆ ಸೇರಿದವು. ಅಂದರೆ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಇನ್ಸುಲಿನ್ ತಯಾರಿಸುವ ತಾಕತ್ತು ಎಷ್ಟಿದೆ ಎಂಬುದಕ್ಕೆ ಸಂಬಂಧಪಟ್ಟವು.

ದಕ್ಷಿಣ ಏಷ್ಯಾದವರಲ್ಲಿ ಇದರ ಬೆಲೆ ಜಾಸ್ತಿ. ಬ್ರಿಟನ್ನಿನಲ್ಲಿ ನೆಲೆಸಿದ ಬಾಂಗ್ಲಾದೇಶ ಮತ್ತು ಪಾಕಿಸ್ತಾನ ಮೂಲದವರ 'ಜೀನ್ಸ್ ಅಂಡ್ ಹೆಲ್ತ್' ಅಧ್ಯಯನದ ವರದಿ 2024ರಲ್ಲಿ ಬಂತು. ಇನ್ಸುಲಿನ್ ಕೊರತೆಯತ್ತ ಒಲಿದ ಜೀನ್‌ಗಳು ಹೆಚ್ಚಿರುವವರಿಗೆ ಕಾಯಿಲೆ ಚಿಕ್ಕ ವಯಸ್ಸಿಗೇ, ಕಡಿಮೆ ತೂಕ ಇರುವಾಗಲೇ ಬರುತ್ತದೆ, ಇನ್ಸುಲಿನ್ ಚುಚ್ಚುವ ಹಂತಕ್ಕೂ ಬೇಗ ತಲುಪುತ್ತದೆ ಎಂದು ಅದರಲ್ಲಿ ಕಂಡಿತು. 30-35ರ ಸಣಕಲು ಹುಡುಗನಿಗೆ ಶುಗರ್ ಬಂದರೆ 'ಏನೋ ವಿಚಿತ್ರ' ಎನ್ನುವ ಕಾಲ ಹೋಯಿತು.

ಇಲ್ಲಿ ಮೈಸೂರಿನ ಒಂದು ಕೆಲಸವನ್ನು ಹೇಳಲೇಬೇಕು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮ ಜನ ಮಿಷನ್ ಆಸ್ಪತ್ರೆ ಎನ್ನುವ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲೆಯಲ್ಲಿ ಬರೆದಿಟ್ಟಿದ್ದರು. ಆ ದಾಖಲೆ ಹಿಡಿದು, ನಡುವಯಸ್ಸು ತಲುಪಿದ ಐನೂರಕ್ಕೂ ಹೆಚ್ಚು ಮಂದಿಯನ್ನು ಪತ್ತೆಹಚ್ಚಿ ಗ್ಲೂಕೋಸ್ ಪರೀಕ್ಷೆ ಮಾಡಿದರು. 1998ರಲ್ಲಿ ವರದಿ ಬಂತು. ಹುಟ್ಟುವಾಗ ಉದ್ದ ಕಡಿಮೆ ಇದ್ದು, ಆ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚಿತ್ತು. ಬ್ರಿಟನ್ನಿನಲ್ಲಿ ಕಡಿಮೆ ತೂಕದ ಶಿಶುಗಳಿಗೆ ಅಪಾಯ ಎಂದಿದ್ದರೆ, ಇಲ್ಲಿ ಚಿತ್ರ ಬೇರೆಯೇ ಇತ್ತು. ಪುಣೆಯ ಅಧ್ಯಯನಗಳಲ್ಲಿ ನಮ್ಮ ನವಜಾತ ಶಿಶುಗಳ ಸರಾಸರಿ ತೂಕ ಸುಮಾರು 2.7 ಕೆ.ಜಿ., ಇಂಗ್ಲೆಂಡಿನವರದು 3.5. ತೂಕದಲ್ಲಿ ಇಷ್ಟು ಹಿಂದಿದ್ದರೂ ಚರ್ಮದಡಿಯ ಕೊಬ್ಬಿನಲ್ಲಿ ನಮ್ಮ ಮಕ್ಕಳು ಅಷ್ಟು ಹಿಂದಿರಲಿಲ್ಲ. ಕಡಿಮೆ ಇದ್ದದ್ದು ಮಾಂಸಖಂಡ. ಹೀಗೆ ಹುಟ್ಟಿನಲ್ಲೇ ಬರುವ ಎಲ್ಲವೂ ಜೀನ್ ಅಲ್ಲ. ತಾಯಿಯ ಆಹಾರ, ಬಸಿರಿನಲ್ಲಿ ಅವಳ ಸಕ್ಕರೆ, ಇವೂ ಅದರೊಳಗೆ ಸೇರಿವೆ.

ತಳಿ ಪರೀಕ್ಷೆ ಮಾಡಿಸಬೇಕೇ

ಎಂಜಲು ಕಳಿಸಿದರೆ ಮಧುಮೇಹದ ಅಪಾಯ ಹೇಳುತ್ತೇವೆ ಎನ್ನುವ ಪರೀಕ್ಷೆಗಳು ಈಗ ಮಾರುಕಟ್ಟೆಯಲ್ಲಿವೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಸಾಮಾನ್ಯ ಟೈಪ್ 2 ಅಪಾಯ ತಿಳಿಯಲು ಇವತ್ತಿನ ಮಟ್ಟಿಗೆ ಅದಕ್ಕೆ ಹಣ ಹಾಕಬೇಡಿ.

ಯಾಕೆಂದರೆ, 2008ರಲ್ಲಿ ಫ್ರೇಮಿಂಗ್‌ಹ್ಯಾಮಿನವರು 18 ಜೀನ್ ವ್ಯತ್ಯಾಸಗಳ ಅಂಕ ಕೂಡಿಸಿ ನೋಡಿದರು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಬೇರ್ಪಡಿಸುವ ಶಕ್ತಿಯನ್ನು 0.5ರಿಂದ 1ರವರೆಗೆ ಅಳೆಯುತ್ತಾರೆ. 0.5 ಎಂದರೆ ನಾಣ್ಯ ಚಿಮ್ಮಿದಷ್ಟೇ, 1 ಎಂದರೆ ಪಕ್ಕಾ. ವಯಸ್ಸು, ತೂಕ, ಮನೆತನ, ಫಾಸ್ಟಿಂಗ್ ಶುಗರ್, ಬಿಪಿ, ಕೊಲೆಸ್ಟರಾಲ್ ಇಟ್ಟುಕೊಂಡು ಲೆಕ್ಕ ಹಾಕಿದಾಗ 0.900 ಬಂತು. ಜೀನ್ ಅಂಕ ಸೇರಿಸಿದ ಮೇಲೆ 0.901. ಈಗ ಲಕ್ಷಾಂತರ ವ್ಯತ್ಯಾಸಗಳನ್ನು ಕೂಡಿಸಿದ ಅಂಕಗಳು ಬಂದಿವೆ, ಅವು ಉತ್ತಮವೂ ಹೌದು. ಅತಿ ಹೆಚ್ಚು ಅಂಕದವರನ್ನು ಗುರುತಿಸಬಲ್ಲವು. ಆದರೆ ಅವುಗಳ ಆಧಾರದ ಬಹುಪಾಲು ಯುರೋಪ್ ಮೂಲದವರ ರಕ್ತದಿಂದ ಬಂದದ್ದು. ಅವರಲ್ಲಿ ಕೂಡಿಬರುವ ಲೆಕ್ಕ ನಮ್ಮಲ್ಲಿ ಅಷ್ಟು ಕೂಡಿಬರುವುದಿಲ್ಲ.

ಉದಾಹರಣೆಗೆ ಪಿಪಿಎಆರ್‌ಜಿ ಜೀನಿನಲ್ಲಿ 12ನೇ ಜಾಗದ ಪ್ರೋಲಿನ್ ಬದಲು ಅಲನಿನ್ ಇದ್ದರೆ ಬಿಳಿಯರಿಗೆ ರಕ್ಷಣೆ ಸಿಗುತ್ತದೆ. ಚೆನ್ನೈನವರನ್ನೂ ಅಮೆರಿಕದ ಡಲ್ಲಾಸ್‌ನಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರನ್ನೂ 2006ರಲ್ಲಿ ಪರೀಕ್ಷಿಸಿದಾಗ ಆ ರಕ್ಷಣೆ ಕಾಣಲಿಲ್ಲ. ಯುರೋಪಿನ ಅಂಕಪಟ್ಟಿ ಹಿಡಿದು ನಿಮಗೆ 'ಅಪಾಯ ಕಡಿಮೆ' ಎಂದು ಬರೆದುಕೊಟ್ಟರೆ, ಆ ಕಾಗದ ನೋಡಿ ನೀವು ರಕ್ತ ಪರೀಕ್ಷೆ ಮುಂದೂಡಿದರೆ, ಅದೇ ದೊಡ್ಡ ನಷ್ಟ.

ವಂಶವೃಕ್ಷವನ್ನು ಸರಿಯಾಗಿ ಬರೆಯುವುದು

ಖರ್ಚಿಲ್ಲದ ತಳಿ ಪರೀಕ್ಷೆ ಎಂದರೆ ಒಂದು ಹಾಳೆ, ಒಂದು ಪೆನ್ನು. ಮೂರು ತಲೆಮಾರು ಬರೆಯಿರಿ. ಅಜ್ಜ ಅಜ್ಜಿ ಎರಡೂ ಕಡೆಯವರು, ಅಪ್ಪ ಅಮ್ಮ, ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ, ಒಡಹುಟ್ಟಿದವರು. ಮದುವೆಯಾಗಿ ಮನೆಗೆ ಬಂದವರ ಕಾಯಿಲೆ ನಿಮ್ಮ ರಕ್ತದ ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ಮಕ್ಕಳ ಲೆಕ್ಕಕ್ಕೆ ನಿಮ್ಮ ಗಂಡನ ಅಥವಾ ಹೆಂಡತಿಯ ಕಡೆಯದು ಬರುತ್ತದೆ. ಪ್ರತಿಯೊಬ್ಬರ ಹೆಸರಿನ ಮುಂದೆ ನಾಲ್ಕು ವಿಷಯ ಬರೆಯಿರಿ: ಎಷ್ಟನೇ ವಯಸ್ಸಿಗೆ ಗೊತ್ತಾಯಿತು, ಆಗ ದಪ್ಪಗಿದ್ದರೋ ತೆಳ್ಳಗಿದ್ದರೋ, ಮಾತ್ರೆಯೋ ಇನ್ಸುಲಿನ್ನೋ, ಯಾವಾಗಿನಿಂದ.

ಹಳೆಯ ತಲೆಮಾರಿನಲ್ಲಿ 'ಶುಗರ್ ಇರಲಿಲ್ಲ' ಎಂದರೆ ಬಹಳ ಸಲ ಪರೀಕ್ಷೆಯೇ ಆಗಿರಲಿಲ್ಲ ಎಂದರ್ಥ. ಆದ್ದರಿಂದ ಸುತ್ತು ಬಳಸಿ ಕೇಳಬೇಕು. ಕಾಲಿನ ಹುಣ್ಣು ಮಾಯದೆ ಬೆರಳು ತೆಗೆದರೇ? ಕಣ್ಣಿಗೆ ಲೇಸರ್ ಮಾಡಿಸಿದ್ದರೇ? ಕಿಡ್ನಿ ಕೆಟ್ಟಿತ್ತೇ? ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರೇ? ಯಾವ ಚಿಕ್ಕಮ್ಮನಿಗಾದರೂ ನಾಲ್ಕು ಕೆ.ಜಿ. ದಾಟಿದ ಮಗು ಹುಟ್ಟಿತ್ತೇ?

ಸೋದರಿಕೆಯ ಮದುವೆಗಳಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ. ಹುಡುಗಿಯನ್ನು ಸೋದರಮಾವನಿಗೆ ಕೊಟ್ಟಿದ್ದರೆ ಅವರ ಮಗುವಿನ ಅಪ್ಪನ ಅಪ್ಪ ಅಮ್ಮನೇ, ಅಮ್ಮನ ಕಡೆಯಿಂದ ಮುತ್ತಜ್ಜ ಮುತ್ತಜ್ಜಿ. ಆ ಅಜ್ಜನಿಗೆ ಇದ್ದ ಕಾಯಿಲೆಯ ವಂಶವಾಹಿ ಎರಡು ದಾರಿಯಿಂದ ಮಗುವಿಗೆ ಬರಬಹುದು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಟೈಪ್ 2 ಮಧುಮೇಹ ಹೆಚ್ಚು ಎಂಬ ಸಂಬಂಧವನ್ನು ಬ್ರಿಟನ್ನಿನ ಅದೇ ದಕ್ಷಿಣ ಏಷ್ಯಾ ಸಮುದಾಯಗಳ ಅಧ್ಯಯನವೂ ತೋರಿಸಿದೆ. ವೃಕ್ಷದಲ್ಲಿ ಅಂಥ ಮದುವೆಗೆ ಜೋಡಿ ಗೆರೆ ಎಳೆಯಿರಿ.

ಹಾಳೆ ತುಂಬಿದ ಮೇಲೆ ಚೆನ್ನೈನಲ್ಲಿ ರೂಪಿಸಿದ ಭಾರತೀಯ ಮಧುಮೇಹ ಅಪಾಯ ಅಂಕವನ್ನು ಹಾಕಿನೋಡಿ. ವಯಸ್ಸು 35ರೊಳಗೆ 0, 35ರಿಂದ 49 ಆದರೆ 20, 50 ದಾಟಿದರೆ 30. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ. ಒಳಗೆ, ಗಂಡಸರಿಗೆ 90ರ ಒಳಗೆ ಇದ್ದರೆ 0. ಹೆಂಗಸರಿಗೆ 80-89, ಗಂಡಸರಿಗೆ 90-99 ಆದರೆ 10. ಅದಕ್ಕೂ ಮೇಲಾದರೆ 20. ವ್ಯಾಯಾಮವೂ ಇದ್ದು ಮೈಮುರಿಯುವ ಕೆಲಸವೂ ಇದ್ದರೆ 0, ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದೆ ಕುಳಿತೇ ಇರುವವರಿಗೆ 30. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಮೊತ್ತ 60 ಮುಟ್ಟಿದರೆ ಅಪಾಯ ಹೆಚ್ಚು, ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಇರುವ ಪಾಲು ನೂರರಲ್ಲಿ 20 ಮಾತ್ರ, ಕೂತು ಕಳೆಯುವ ಬದುಕಿಗೆ 30.

ಸೊಂಟ ಅಳೆಯುವಾಗ ಪ್ಯಾಂಟಿನ ಅಳತೆ ಹೇಳಿಬಿಡುವುದು ಸಾಮಾನ್ಯ ತಪ್ಪು. ಪ್ಯಾಂಟು ಹೊಟ್ಟೆಯ ಕೆಳಗೆ ಕೂತಿರುತ್ತದೆ. ಕೊನೆಯ ಪಕ್ಕೆಲುಬಿನ ಕೆಳಗಂಚು ಒಂದು ಗುರುತು, ಸೊಂಟದ ಮೂಳೆಯ ಮೇಲಂಚು ಇನ್ನೊಂದು. ಎರಡರ ನಡುವೆ ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಸೀರೆಯ ನೆರಿಗೆಯ ಮೇಲೆ ಅಳೆದರೂ ಲೆಕ್ಕ ತಪ್ಪುತ್ತದೆ.

ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಬಂದು ತುಂಬಿಸುವ ನಮೂನೆಯಲ್ಲೂ ಮನೆತನದ ಪ್ರಶ್ನೆ ಇದೆ. ಅವಸರದಲ್ಲಿ 'ಯಾರಿಗೂ ಇಲ್ಲ' ಎಂದು ಕಳಿಸಬೇಡಿ. ಆ ಒಂದು ಉತ್ತರ ನಿಮ್ಮ ಅಂಕವನ್ನು ತಗ್ಗಿಸುತ್ತದೆ.

ಪರೀಕ್ಷೆ ಎಲ್ಲಿ ಕೆಡುತ್ತದೆ

ಫಾಸ್ಟಿಂಗ್ 126 ಮಿ.ಗ್ರಾಂ. ಅಥವಾ ಮೇಲೆ, ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಮೇಲೆ, ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆ ಪರೀಕ್ಷೆ, 6.5 ಅಥವಾ ಮೇಲೆ ಇದ್ದರೆ ಮಧುಮೇಹ. ರೋಗಲಕ್ಷಣ ಇಲ್ಲದವರಿಗೆ ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು. ಫಾಸ್ಟಿಂಗ್ 100-125, ಎರಡು ಗಂಟೆಯದು 140-199, ಎಚ್‌ಬಿಎ1ಸಿ 5.7-6.4 ಇದ್ದರೆ ಹೊಸ್ತಿಲು. ಮನೆಯಲ್ಲಿ ಗಟ್ಟಿ ಚರಿತ್ರೆ ಇರುವವರು 30ರ ಹೊತ್ತಿಗೆ ಒಮ್ಮೆಯಾದರೂ ಗ್ಲೂಕೋಸ್ ಕುಡಿದು ಮಾಡುವ ಪರೀಕ್ಷೆ ಮಾಡಿಸಲಿ ಎಂಬುದು ನನ್ನ ಒತ್ತಾಯ. ಊಟದ ನಂತರ ಮಾತ್ರ ಸಕ್ಕರೆ ಏರುವವರು ನಮ್ಮಲ್ಲಿ ಬಹಳ ಮಂದಿ, ಫಾಸ್ಟಿಂಗ್ ಒಂದೇ ನೋಡಿದರೆ ಅವರು ಕೈತಪ್ಪುತ್ತಾರೆ.

ಪರೀಕ್ಷೆಗೆ ಮುಂಚಿನ ಮೂರು ದಿನ ಎಂದಿನಂತೆ ಉಣ್ಣಿ. 'ಟೆಸ್ಟ್ ಇದೆ' ಎಂದು ಮೂರು ದಿನ ಅನ್ನ ಬಿಟ್ಟು ಸೌತೆಕಾಯಿ ತಿಂದವರಿಗೆ ಗ್ಲೂಕೋಸ್ ಕುಡಿದಾಗ ಸಕ್ಕರೆ ಸುಳ್ಳೇ ಏರಬಹುದು. ರಾತ್ರಿ ಊಟದ ನಂತರ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಬೇಡ, ಬೆಳಗಿನ ಕಾಫಿಯೂ ಬೇಡ. 75 ಗ್ರಾಂ ಗ್ಲೂಕೋಸನ್ನು 250-300 ಮಿ.ಲೀ. ನೀರಿನಲ್ಲಿ ಕದಡಿ ಐದು ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆಯ ಗಡಿಯಾರ ಮೊದಲ ಗುಟುಕಿನಿಂದ ಶುರು. ಇಲ್ಲೊಂದು ಸೂಕ್ಷ್ಮ: 75 ಗ್ರಾಂ ಎಂಬುದು ನೀರಿನಂಶವಿಲ್ಲದ ಗ್ಲೂಕೋಸಿನ ಲೆಕ್ಕ. ಪೊಟ್ಟಣದ ಮೇಲೆ ಡೆಕ್ಸ್ಟ್ರೋಸ್ ಮೊನೋಹೈಡ್ರೇಟ್ ಎಂದಿದ್ದರೆ 82.5 ಗ್ರಾಂ ಬೇಕು. ಚಮಚದಲ್ಲಿ ಅಂದಾಜು ಹಾಕುವ ಕಡೆ ಫಲಿತಾಂಶ ನಂಬಬೇಡಿ. ಆ ಎರಡು ಗಂಟೆ ಕುಳಿತಿರಿ. ಈ ನಡುವೆ ಪೇಟೆ ಸುತ್ತಿ ಬಂದರೆ ಸಕ್ಕರೆ ಇಳಿದು ಕಾಯಿಲೆ ಮರೆಯಾಗಬಹುದು. ವಾಂತಿಯಾದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಬೇರೆ ದಿನ ಮಾಡಬೇಕು.

ತೆಗೆದ ರಕ್ತವನ್ನು ಹಾಗೇ ಇಟ್ಟರೆ ರಕ್ತಕಣಗಳು ಗಂಟೆಗೆ ಶೇ 5-7ರಷ್ಟು ಸಕ್ಕರೆ ತಿಂದುಬಿಡುತ್ತವೆ. ಬೂದು ಮುಚ್ಚಳದ ಫ್ಲೋರೈಡ್ ಕೊಳವೆ ಬಳಸುವುದು ಅದಕ್ಕೇ. ಅದೂ ಪೂರ್ತಿ ಹಿಡಿತಕ್ಕೆ ಬರಲು ಒಂದೆರಡು ಗಂಟೆ ಬೇಕು. ಹಳ್ಳಿಯ ಶಿಬಿರದಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನ ಪಟ್ಟಣದ ಲ್ಯಾಬಿಗೆ ಹೋಗುವಾಗ ಮಂಜುಗಡ್ಡೆಯ ಡಬ್ಬದಲ್ಲಿರಬೇಕು. ಇಲ್ಲದಿದ್ದರೆ 128 ಇದ್ದದ್ದು 115 ಆಗಿ, ಆ ವ್ಯಕ್ತಿ 'ನಾರ್ಮಲ್ ಹತ್ತಿರ' ಎಂದು ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ.

ಎಚ್‌ಬಿಎ1ಸಿ ಪರೀಕ್ಷೆಗೂ ತಳಿಯ ತೊಡಕು ಇದೆ. ಅದು ಕೆಂಪು ರಕ್ತಕಣದ ಆಯುಷ್ಯವನ್ನು ನಂಬಿಕೊಂಡಿದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯವರಲ್ಲಿ, ಕುಡಗೋಲು ಕಣದ ಕಾಯಿಲೆಯವರಲ್ಲಿ ಕಣಗಳು ಬೇಗ ಸಾಯುವುದರಿಂದ ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅಂಕಿ ಹೆಚ್ಚು ಬರುವುದುಂಟು, ನಮ್ಮ ಹೆಂಗಸರಲ್ಲಿ ಅದು ತುಂಬ ಸಾಮಾನ್ಯ. ಮನೆಯ ಗ್ಲೂಕೋಮೀಟರಿಗೂ ಎಚ್‌ಬಿಎ1ಸಿಗೂ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ತಳಿ ಪರೀಕ್ಷೆ ನಿಜವಾಗಿ ಬೇಕಾದವರು

ಮೇಲೆ 'ಬೇಡ' ಎಂದೆ. ಈಗ 'ಬೇಕೇ ಬೇಕು' ಎನ್ನುವ ಗುಂಪು. ಮಧುಮೇಹಿಗಳಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಒಂದೇ ಜೀನಿನ ದೋಷದಿಂದ ಕಾಯಿಲೆ ಬಂದಿರುತ್ತದೆ. ಇದನ್ನು ಮೋಡಿ ಎನ್ನುತ್ತಾರೆ. ಮಕ್ಕಳಿಗೆ ದಾಟುವ ಸಂಭವ ಸರಿಯಾಗಿ ಅರ್ಧಕ್ಕರ್ಧ. ವಂಶವೃಕ್ಷದಲ್ಲಿ ಸತತ ಮೂರು ತಲೆಮಾರು, ಹೆಚ್ಚಿನವರಿಗೆ 25-30ರೊಳಗೆ, ತೆಳ್ಳಗಿದ್ದಾಗ ಬಂದಿದೆ. ಟೈಪ್ 1ರ ಪ್ರತಿಕಾಯಗಳು ರಕ್ತದಲ್ಲಿಲ್ಲ. ವರ್ಷಗಳಾದರೂ ಸಿ-ಪೆಪ್ಟೈಡ್ ಇನ್ನೂ ಚೆನ್ನಾಗಿದೆ, ಅಂದರೆ ಸ್ವಂತ ಇನ್ಸುಲಿನ್ ಬರುತ್ತಿದೆ. ಇಷ್ಟು ಕೂಡಿಬಂದರೆ ಪರೀಕ್ಷೆ ಮಾಡಿಸಲೇಬೇಕು, ಯಾಕೆಂದರೆ ಚಿಕಿತ್ಸೆಯೇ ಬದಲಾಗುತ್ತದೆ.

ಎಚ್‌ಎನ್‌ಎಫ್1ಎ ಎಂಬ ಜೀನಿನ ದೋಷ ಇರುವವರಿಗೆ ಗ್ಲಿಕ್ಲಜೈಡ್‌ನಂಥ ಹಳೆಯ, ಅಗ್ಗದ ಮಾತ್ರೆಯ ಸಣ್ಣ ಪ್ರಮಾಣವೇ ಸಾಕಾಗುತ್ತದೆ. ಟೈಪ್ 1 ಎಂದು ವರ್ಷಗಟ್ಟಲೆ ಇನ್ಸುಲಿನ್ ಚುಚ್ಚಿಕೊಂಡವರು ವೈದ್ಯರ ನಿಗಾದಲ್ಲಿ ಮಾತ್ರೆಗೆ ಬದಲಾದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ಬೇಕಾದಷ್ಟಿವೆ. ಅವರಿಗೆ ಮಾತ್ರೆಯ ಪ್ರಮಾಣ ಜಾಸ್ತಿಯಾದರೆ ಸಕ್ಕರೆ ದಢಕ್ಕನೆ ಇಳಿಯುತ್ತದೆ, ಹಾಗಾಗಿ ವಾಡಿಕೆಯ ಪ್ರಮಾಣದ ಕಾಲು ಭಾಗದಿಂದ ಶುರುಮಾಡುತ್ತಾರೆ. ಜಿಸಿಕೆ ಎಂಬ ಜೀನಿನ ದೋಷ ಇದ್ದವರಿಗೆ ಹುಟ್ಟಿದಾಗಿನಿಂದ ಫಾಸ್ಟಿಂಗ್ 100ರಿಂದ 150ರೊಳಗೆ ನಿಂತಿರುತ್ತದೆ, ವಯಸ್ಸಾದರೂ ಹೆಚ್ಚು ಏರುವುದಿಲ್ಲ. ಅವರಿಗೆ ಗರ್ಭಿಣಿಯಾದಾಗ ಬಿಟ್ಟರೆ ಔಷಧಿಯೇ ಬೇಡ, ಕೊಟ್ಟರೂ ಸಕ್ಕರೆ ಕದಲುವುದಿಲ್ಲ. ಇನ್ನೊಂದು ಬಗೆ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ದೋಷ. ಅಮ್ಮ, ಸೋದರಮಾವ, ಚಿಕ್ಕಮ್ಮನಿಗೆ ಶುಗರ್ ಜೊತೆಗೆ ನಡುವಯಸ್ಸಿಗೇ ಕಿವಿ ಮಂದವಾಗಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಅಂಥವರಿಗೆ ಮೆಟ್‌ಫಾರ್ಮಿನ್ ಕೊಡಲು ವೈದ್ಯರು ಹಿಂಜರಿಯುತ್ತಾರೆ.

ವರದಿಯಲ್ಲಿ 'ಅರ್ಥ ಖಚಿತವಿಲ್ಲದ ವ್ಯತ್ಯಾಸ' ಎಂದು ಬಂದರೆ ಅದು ಕಾಯಿಲೆಯ ಪುರಾವೆ ಆಗುವುದಿಲ್ಲ. ಅದನ್ನು ನಂಬಿ ಯಾರೂ ಇನ್ಸುಲಿನ್ ನಿಲ್ಲಿಸಬಾರದು. ಮನೆಯಲ್ಲಿ ಕಾಯಿಲೆ ಇರುವ ಇನ್ನಿಬ್ಬರಲ್ಲೂ ಅದೇ ವ್ಯತ್ಯಾಸ ಇದೆಯೇ ಎಂದು ನೋಡಿದ ಮೇಲೆ ಅದರ ತೂಕ ಗೊತ್ತಾಗುತ್ತದೆ.

ಜೀನ್ ಇದ್ದರೂ ಏನು ಮಾಡಬಹುದು

ಅಮೆರಿಕದ ಮಧುಮೇಹ ತಡೆ ಕಾರ್ಯಕ್ರಮದಲ್ಲಿ ಹೊಸ್ತಿಲಲ್ಲಿದ್ದವರಿಗೆ ವಾರಕ್ಕೆ 150 ನಿಮಿಷ ಚುರುಕಿನ ನಡಿಗೆ, ಶೇ 7ರಷ್ಟು ತೂಕ ಇಳಿಸುವ ಗುರಿ ಕೊಟ್ಟರು. ಕಾಯಿಲೆಗೆ ತಿರುಗುವುದು ಶೇ 58ರಷ್ಟು ತಗ್ಗಿತು. ಅದೇ ಜನರ ಟಿಸಿಎಫ್7ಎಲ್2 ನೋಡಿದ ವರದಿ 2006ರಲ್ಲಿ ಬಂತು. ಸುಮ್ಮನೆ ಬಿಟ್ಟ ಗುಂಪಿನಲ್ಲಿ ಎರಡೂ ಟಿ ಪ್ರತಿ ಇದ್ದವರು ಒಂದೂ ಟಿ ಪ್ರತಿ ಇಲ್ಲದವರಿಗಿಂತ ಸುಮಾರು ಶೇ 80ರಷ್ಟು ಹೆಚ್ಚಾಗಿ ಕಾಯಿಲೆಗೆ ಜಾರಿದರು. ನಡಿಗೆ, ಆಹಾರ ಪಾಲಿಸಿದ ಗುಂಪಿನಲ್ಲಿ ಆ ವ್ಯತ್ಯಾಸ ಗಣನೀಯವಾಗಿ ಉಳಿಯಲಿಲ್ಲ. 'ಹೇಗಿದ್ದರೂ ಬರುತ್ತೆ' ಎನ್ನುವವರಿಗೆ ನಾನು ತೋರಿಸುವುದು ಈ ಫಲಿತಾಂಶವನ್ನು.

ನಮ್ಮವರ ಲೆಕ್ಕ ಚೆನ್ನೈನಲ್ಲಿದೆ. ಭಾರತೀಯ ಮಧುಮೇಹ ತಡೆ ಕಾರ್ಯಕ್ರಮದಲ್ಲಿ ಮೂರು ವರ್ಷದಲ್ಲಿ, ಏನೂ ಮಾಡದ ಗುಂಪಿನ ಶೇ 55 ಮಂದಿ ಮಧುಮೇಹಿಗಳಾದರು, ಜೀವನಕ್ರಮ ತಿದ್ದಿಕೊಂಡವರಲ್ಲಿ ಶೇ 39. ಅವರ ಸರಾಸರಿ ತೂಕ ಇಳಿದಿರಲಿಲ್ಲ ಎಂಬುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು. ತೆಳ್ಳಗಿರುವವರು ತೂಕ ಇಳಿಸಬೇಕಿಲ್ಲ, ಮಾಂಸಖಂಡ ದುಡಿಸಬೇಕು. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ, ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ, ಬಸ್ಕಿ ಹೊಡೆಯುವಂಥ ಕಸರತ್ತು. ತಟ್ಟೆಯಲ್ಲಿ ಅನ್ನ ಮುದ್ದೆಯ ಪಾಲು ತಗ್ಗಿಸಿ ಕಾಳು, ಬೇಳೆ, ಮೊಟ್ಟೆ, ಮೀನು, ಮೊಸರಿನ ಪಾಲು ಏರಿಸಿ. 'ರಾಗಿ ಮುದ್ದೆ ಎಷ್ಟು ತಿಂದರೂ ನಡೆಯುತ್ತೆ' ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ, ಅಕ್ಕಿಯಲ್ಲಿ ಸುಮಾರು 78. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಹೆಚ್ಚು ನಿಜ. ಆದರೂ ಎರಡು ದೊಡ್ಡ ಮುದ್ದೆ ಎರಡು ದೊಡ್ಡ ಮುದ್ದೆಯೇ.

ಸಭಿಕರ ಪ್ರಶ್ನೆಗಳು

ಬಸಿರಿನಲ್ಲಿ ಶುಗರ್ ಬಂದಿತ್ತು, ಹೆರಿಗೆಯಾದ ಮೇಲೆ ಹೋಯಿತು. ನಾನು ಈಗ ಸುರಕ್ಷಿತಳೇ?

ಇಲ್ಲ, ತಾಯಿ. ನಿಮ್ಮ ಬೀಟಾ ಕೋಶದ ಮೀಸಲು ಕಡಿಮೆ ಇದೆ ಎಂದು ಆ ಒಂಬತ್ತು ತಿಂಗಳು ತೋರಿಸಿಕೊಟ್ಟಿವೆ. ಟಿಸಿಎಫ್7ಎಲ್2 ಸೇರಿದಂತೆ ಅದೇ ಜೀನ್‌ಗಳಲ್ಲಿ ಹಲವು ಎರಡಕ್ಕೂ ಕಾರಣ. ಹೆರಿಗೆಯಾದ 6ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಜೀವನಪೂರ್ತಿ. ಬಾಣಂತನಕ್ಕೆ ತವರಿಗೆ ಹೋದವರು ಈ ಮೊದಲ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದು ಹೆಚ್ಚು. ಮಗುವಿನ ಲಸಿಕೆಯ ದಿನವೇ ಅದನ್ನೂ ಗೊತ್ತುಮಾಡಿಕೊಳ್ಳಿ.

ನನಗೂ ನನ್ನ ಹೆಂಡತಿಗೂ ಇದೆ. ಮಗನಿಗೆ 12 ವರ್ಷ. ಅವನ ಜೀನ್ ಪರೀಕ್ಷೆ ಮಾಡಿಸಲೇ?

ನಿಮ್ಮಿಬ್ಬರದು ಸಾಮಾನ್ಯ ಟೈಪ್ 2 ಆಗಿದ್ದರೆ ಬೇಡ. ಆ ವರದಿಯಿಂದ ಅವನಿಗೆ ಹೇಳಬಹುದಾದ ಸಲಹೆ ಒಂದಿಷ್ಟೂ ಬದಲಾಗುವುದಿಲ್ಲ. ಅವನ ತೂಕ ವಯಸ್ಸಿಗೆ ಮೀರಿದ್ದರೆ, ಅಥವಾ ಕತ್ತಿನ ಹಿಂಭಾಗದಲ್ಲಿ, ಕಂಕುಳಲ್ಲಿ ಮಖಮಲ್ಲಿನಂಥ ಕಪ್ಪು ಪಟ್ಟೆ ಇದ್ದರೆ, ಈಗಲೇ ರಕ್ತ ಪರೀಕ್ಷೆ ಮಾಡಿಸಿ. ಆ ಪಟ್ಟೆಯನ್ನು ಕೊಳೆ ಎಂದು ಉಜ್ಜಿ ತೊಳೆಯುವವರಿದ್ದಾರೆ, ಅದು ಇನ್ಸುಲಿನ್ ಮಟ್ಟ ಏರಿದ್ದರ ಗುರುತು. ತೂಕ ಸರಿಯಾಗಿದ್ದು ಪಟ್ಟೆಯೂ ಇಲ್ಲದಿದ್ದರೆ ಅವನನ್ನು ಸಂಜೆ ಆಟಕ್ಕೆ ಬಿಡಿ, ಇಪ್ಪತ್ತು ದಾಟಿದ ಮೇಲೆ ಒಮ್ಮೆ ಗ್ಲೂಕೋಸ್ ಕುಡಿಸಿ ನೋಡಿ, ಸರಿಯಿದ್ದರೆ ಮೂರು ವರ್ಷಕ್ಕೊಮ್ಮೆ. ನಿಮ್ಮ ವಂಶವೃಕ್ಷದ ಹಾಳೆಯ ಒಂದು ಪ್ರತಿ ಅವನ ಕೈಗೂ ಕೊಡಿ, ಮುಂದೆ ಯಾವ ಊರಿನ ವೈದ್ಯರ ಬಳಿ ಹೋದರೂ ಅದನ್ನು ತೋರಿಸಲಿ.